ಗಲಾಟೆ ಮನೆಯ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್



ಡಾರ್ವಿನ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಉದ್ದ ಬಿಳಿ ಗಡ್ಡದ ಒಬ್ಬ ಗಂಭೀರ ತಾತನ ಚಿತ್ರ. ವಿಜ್ಞಾನದ ಪುಸ್ತಕದಲ್ಲಿ ಆ ಚಿತ್ರದ ಪಕ್ಕದಲ್ಲಿ ಜೀವವಿಕಾಸ ಎಂದು ಬರೆದಿರುತ್ತದೆ. ಪರೀಕ್ಷೆಗೆ ಬರಬಹುದು ಅಂತ ಗುರುತು ಹಾಕಿಕೊಂಡು ಪುಟ ಮಗುಚುತ್ತೇವೆ. ಆದರೆ ಆ ತಾತನ ಮನೆಯಲ್ಲಿ ಹತ್ತು ಮಕ್ಕಳು ಹುಟ್ಟಿದ್ದರು. ಸೋಫಾ ಮೇಲೆ ಕುಣಿಯುವವರು, ಸಕ್ಕರೆ ಕದಿಯುವವರು, ಅಪ್ಪ ಬರೆದ ಕಾಗದದ ಹಿಂದೆ ಗೊಂಬೆ ಗೀಚುವವರು ಎಲ್ಲರೂ ಆ ಮನೆಯಲ್ಲಿದ್ದರು. ಪ್ರಪಂಚದ ಯೋಚನೆಯನ್ನೇ ಬದಲಿಸಿದ ಪುಸ್ತಕ ಹುಟ್ಟಿದ್ದು ಆ ಗಲಾಟೆಯ ನಡುವೆಯೇ. ಈ ಸಲದ ನಮ್ಮ ಗೋಡೆ ಪತ್ರಿಕೆಗೆ ಆ ಮನೆಯ ಕಥೆಯನ್ನು ಬರೆಯುತ್ತಿದ್ದೇನೆ.

ತಾನೇ ಒಬ್ಬ ತುಂಟ

ಚಾರ್ಲ್ಸ್ ಡಾರ್ವಿನ್ 1809ರ ಫೆಬ್ರವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿ ಎಂಬ ಊರಿನಲ್ಲಿ ಹುಟ್ಟಿದ. ಆರು ಮಕ್ಕಳಲ್ಲಿ ಐದನೆಯವನು. ತಂದೆ ರಾಬರ್ಟ್ ಡಾರ್ವಿನ್ ಹೆಸರಾಂತ ಡಾಕ್ಟರು, ಆಳು ಬಹಳ ದಪ್ಪ, ಅವರನ್ನು ಕಂಡರೆ ಮಕ್ಕಳಿಗೆ ಸ್ವಲ್ಪ ಹೆದರಿಕೆ. ತಾಯಿ ಸುಸಾನ 1817ರಲ್ಲಿ ತೀರಿಕೊಂಡರು. ಆಗ ಚಾರ್ಲ್ಸ್‌ಗೆ ಬರೀ ಎಂಟು ವರ್ಷ. ಆಮೇಲೆ ಅಕ್ಕಂದಿರೇ ಅವನನ್ನು ಸಾಕಿದರು.

ಈ ಹುಡುಗ ಎಂಥವನು ಗೊತ್ತಾ? ಅಪ್ಪನ ತೋಟದ ಮರದಿಂದ ಹಣ್ಣು ಕಿತ್ತು ಪೊದೆಯಲ್ಲಿ ಬಚ್ಚಿಡುತ್ತಿದ್ದ. ಆಮೇಲೆ ಏದುಸಿರು ಬಿಡುತ್ತಾ ಓಡಿಬಂದು, ಯಾರೋ ಕದ್ದ ಹಣ್ಣಿನ ರಾಶಿ ತನಗೆ ಸಿಕ್ಕಿತು ಅಂತ ಸುದ್ದಿ ಹಬ್ಬಿಸುತ್ತಿದ್ದ. ಇನ್ನೊಬ್ಬ ಹುಡುಗನಿಗೆ, ಬಣ್ಣದ ನೀರು ಹಾಕಿ ತಾನು ಹೂವಿನ ಬಣ್ಣವನ್ನೇ ಬದಲಾಯಿಸಬಲ್ಲೆ ಅಂತ ಬುರುಡೆ ಬಿಟ್ಟಿದ್ದ. ಚಿಪ್ಪು, ಕಲ್ಲು, ನಾಣ್ಯ, ಹುಳು ಕಂಡದ್ದೆಲ್ಲ ಕೂಡಿಡುವ ಚಾಳಿ ಬೇರೆ. ಅಣ್ಣ ಎರಾಸ್ಮಸ್ ಜೊತೆ ತೋಟದ ಸಾಮಾನಿನ ಕೊಟ್ಟಿಗೆಯಲ್ಲಿ ರಾಸಾಯನಿಕ ಪ್ರಯೋಗ ಮಾಡುತ್ತಿದ್ದ. ಅದಕ್ಕೆ ಶಾಲೆಯ ಹುಡುಗರು ಅವನಿಗೆ ಗ್ಯಾಸ್ ಅಂತ ಅಡ್ಡಹೆಸರು ಇಟ್ಟಿದ್ದರು. ಮುಖ್ಯೋಪಾಧ್ಯಾಯರು ಎಲ್ಲರ ಎದುರಿಗೆ ಬೈದಿದ್ದರು. ತಂದೆಯಂತೂ ಇವನಿಗೆ ಬೇಟೆ, ನಾಯಿ, ಇಲಿ ಹಿಡಿಯೋದು ಬಿಟ್ಟರೆ ಬೇರೇನೂ ಬೇಡ, ಮನೆತನದ ಮಾನ ಕಳೆಯುತ್ತಾನೆ ಎಂದು ನೊಂದುಕೊಂಡಿದ್ದರು.

ಡಾಕ್ಟರಾಗಲಿ ಎಂದು 1825ರಲ್ಲಿ ಎಡಿನ್‌ಬರೊಗೆ ಕಳಿಸಿದರು. ಆ ಕಾಲದಲ್ಲಿ ಅರಿವಳಿಕೆ ಇರಲಿಲ್ಲ. ಒಂದು ಮಗುವಿಗೆ ಹಾಗೇ ಆಪರೇಷನ್ ಮಾಡುವುದನ್ನು ನೋಡಲಾರದೆ ಚಾರ್ಲ್ಸ್ ಅಲ್ಲಿಂದ ಎದ್ದು ಓಡಿಬಂದ. ಡಾಕ್ಟರ್ ಓದು ಅಲ್ಲಿಗೇ ನಿಂತಿತು. ಮುಂದೆ ಪಾದ್ರಿಯಾಗಲಿ ಎಂದು ಕೇಂಬ್ರಿಡ್ಜ್‌ಗೆ ಸೇರಿಸಿದರು. ಅಲ್ಲಿ ಜೀರುಂಡೆ ಹಿಡಿಯುವ ಹುಚ್ಚು ಹತ್ತಿತು. ಒಂದು ದಿನ ಮರದ ತೊಗಟೆ ಸುಲಿದಾಗ ಎರಡು ಅಪರೂಪದ ಜೀರುಂಡೆ ಸಿಕ್ಕವು. ಎರಡು ಕೈಯಲ್ಲೂ ಒಂದೊಂದು ಹಿಡಿದ. ಅಷ್ಟರಲ್ಲಿ ಮೂರನೆಯದು ಕಾಣಿಸಬೇಕೇ! ಬಿಡಲು ಮನಸ್ಸಿಲ್ಲ, ಕೈ ಖಾಲಿ ಇಲ್ಲ. ಬಲಗೈಯಲ್ಲಿದ್ದುದನ್ನು ಬಾಯಿಗೆ ಹಾಕಿಕೊಂಡ. ಅದು ಖಾರದಂಥ ರಸ ಕಾರಿ ನಾಲಿಗೆ ಸುಟ್ಟಿತು. ಥೂ ಎಂದು ಉಗುಳಿದ್ದೂ ಆಯಿತು, ಮೂರನೆಯದು ತಪ್ಪಿಸಿಕೊಂಡದ್ದೂ ಆಯಿತು.

ಸೋದರಮಾವನ ಸಹಾಯ, ಸೋದರಮಾವನ ಮಗಳು

1831ರಲ್ಲಿ ಬೀಗಲ್ ಎಂಬ ಹಡಗಿನಲ್ಲಿ ಲೋಕ ಸುತ್ತುವ ಅವಕಾಶ ಬಂತು. ತಂದೆ ಬೇಡವೇ ಬೇಡ ಎಂದರು. ಆಗ ಅವನ ಕೈ ಹಿಡಿದವರು ಸೋದರಮಾವ ಜೋಸಯ್ಯ ವೆಜ್‌ವುಡ್. ಪಿಂಗಾಣಿ ಪಾತ್ರೆಗೆ ಪ್ರಸಿದ್ಧವಾದ ಮನೆತನ ಅವರದು. ಮಾವ ಹೇಳಿದ ಮೇಲೆ ತಂದೆ ಒಪ್ಪಿದರು. 1831ರ ಡಿಸೆಂಬರ್ 27ರಂದು ಹೊರಟ ಹಡಗು ತಿರುಗಿ ಬಂದದ್ದು 1836ರ ಅಕ್ಟೋಬರ್ 2ರಂದು. ಹೆಚ್ಚು ಕಡಿಮೆ ಐದು ವರ್ಷ. ಹೋಗುವಾಗ ಅಪ್ಪನಿಂದ ಬೈಸಿಕೊಳ್ಳುತ್ತಿದ್ದ ಹುಡುಗ ಬರುವಾಗ ವಿಜ್ಞಾನಿಗಳ ಬಾಯಲ್ಲಿ ಹೆಸರಾಗಿದ್ದ.

1838ರಲ್ಲಿ ಮದುವೆಯ ಯೋಚನೆ ಬಂತು. ಡಾರ್ವಿನ್ ಅದನ್ನೂ ಲೆಕ್ಕದ ಹಾಗೆ ಮಾಡಿದರು ನೋಡಿ. ಒಂದು ಕಾಗದ ತೆಗೆದುಕೊಂಡು ಒಂದು ಕಡೆ ಮದುವೆಯಾದರೆ, ಇನ್ನೊಂದು ಕಡೆ ಆಗದಿದ್ದರೆ ಎಂದು ಪಟ್ಟಿ ಬರೆದರು. ಮಕ್ಕಳು ಎರಡು ಕಡೆಯೂ ಬಂದರು. ಆದರೆ ಮಕ್ಕಳಾಗುತ್ತವೆ ಎಂದು ಒಂದು ಕಡೆ ಸಂತೋಷ. ಮಕ್ಕಳ ಖರ್ಚು, ಚಿಂತೆ, ಹಾಳಾಗುವ ಸಮಯ ಎಂದು ಇನ್ನೊಂದು ಕಡೆ ಭಯ. ಕೊನೆಗೆ ಮದುವೆಯ ಪಟ್ಟಿಯೇ ಗೆದ್ದಿತು. 1839ರ ಜನವರಿ 29ರಂದು ಎಮ್ಮಾ ವೆಜ್‌ವುಡ್ ಅವರನ್ನು ಮದುವೆಯಾದರು. ಎಮ್ಮಾ ಬೇರೆ ಯಾರೂ ಅಲ್ಲ, ಅದೇ ಸೋದರಮಾವನ ಮಗಳು. ನಮ್ಮ ಕಡೆ ನಡೆಯುವ ಹಾಗೇ ಸೋದರಿಕೆಯ ಸಂಬಂಧ. ಗಂಡನಿಗಿಂತ ಒಂಬತ್ತು ತಿಂಗಳು ದೊಡ್ಡವರು ಅನ್ನುವುದೊಂದೇ ವ್ಯತ್ಯಾಸ.

ಮಗುವಿನ ಹೆಸರಲ್ಲಿ ಒಂದು ನೋಟ್‌ಬುಕ್

1839ರ ಡಿಸೆಂಬರ್ 27ರಂದು ಲಂಡನ್ನಿನಲ್ಲಿ ಮೊದಲ ಮಗ ವಿಲಿಯಂ ಹುಟ್ಟಿದ. ಸಾಮಾನ್ಯವಾಗಿ ಮಗು ಹುಟ್ಟಿದರೆ ತಂದೆಯಾದವರು ಸಿಹಿ ಹಂಚುತ್ತಾರೆ. ಡಾರ್ವಿನ್ ಅವರು ನೋಟ್‌ಬುಕ್ ತೆರೆದರು. ಮೊದಲ ವಾರದಲ್ಲಿ ಸೀನಿತು, ಆಕಳಿಸಿತು, ಬಿಕ್ಕಳಿಸಿತು ಎಂಬುದನ್ನೂ ಬಿಡದೆ ಬರೆದರು. ಏಳನೆಯ ದಿನ ಅಂಗಾಲಿಗೆ ಕಾಗದದ ಚೂರು ಮುಟ್ಟಿಸಿದರು. ಮಗು ಕಾಲು ಎಳೆದುಕೊಂಡು ಬೆರಳು ಮಡಚಿತು. ನಾಲ್ಕೂವರೆ ತಿಂಗಳಿನಲ್ಲಿ ಹತ್ತಿರ ನಿಂತು ಏನೇನೋ ಸದ್ದು ಮಾಡಿದರು. ಮಗು ನಕ್ಕಿತು. ಒಂದು ದಿನ ಇದ್ದಕ್ಕಿದ್ದ ಹಾಗೆ ಜೋರಾಗಿ ಗೊರಕೆ ಹೊಡೆದು ತೋರಿಸಿದರು. ಮಗು ಮುಖ ಗಂಭೀರ ಮಾಡಿ ಗೊಳೋ ಎಂದು ಅತ್ತಿತು. ಕನ್ನಡಿಯ ಮುಂದೆ ಹಿಡಿದು ಹಿಂದಿನಿಂದ ಮುಖ ಸೊಟ್ಟ ಮಾಡಿದರು. ಇನ್ನೂ ವರ್ಷ ತುಂಬದ ಮಗು, ಕನ್ನಡಿಯಲ್ಲಿರುವುದು ಬರೀ ಬಿಂಬ, ನಿಜವಾದ ಅಪ್ಪ ಹಿಂದೆ ಇದ್ದಾನೆ ಅಂತ ತಿಳಿದುಕೊಂಡು ಗಕ್ಕನೆ ತಿರುಗಿ ನೋಡಿತು.

ಇನ್ನು ತುಂಟತನಕ್ಕೆ ಬರೋಣ. ಎರಡು ವರ್ಷ ಮೂರು ತಿಂಗಳಿಗೆ ವಿಲಿಯಂ ಸಿಟ್ಟು ಬಂದರೆ ಪುಸ್ತಕ, ಕೋಲು ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದ. ಎರಡು ವರ್ಷ ಏಳೂವರೆ ತಿಂಗಳಿನಲ್ಲಿ ಒಂದು ದಿನ ಊಟದ ಕೋಣೆಯಿಂದ ಹೊರಬಂದ. ಕಣ್ಣು ಮಿರಮಿರ ಮಿನುಗುತ್ತಿತ್ತು, ನಡಿಗೆಯೇ ಏನೋ ಒಂಥರಾ. ಅಪ್ಪ ಒಳಗೆ ಹೋಗಿ ನೋಡಿದರೆ ವಿಷಯ ಗೊತ್ತಾಯಿತು. ಮುಟ್ಟಬೇಡ ಎಂದಿದ್ದ ಪುಡಿ ಸಕ್ಕರೆಯನ್ನು ಮಗರಾಯ ಮೆದ್ದಿದ್ದ. ಹದಿನೈದು ದಿನ ಆದ ಮೇಲೆ ಅದೇ ಕೋಣೆಯಿಂದ ಮತ್ತೆ ಬಂದ. ಈ ಸಲ ಅಂಗಿಯ ಮೇಲೆ ಕಟ್ಟುವ ಬಟ್ಟೆಯನ್ನು ನೀಟಾಗಿ ಸುತ್ತಿಕೊಂಡು ಅದನ್ನೇ ನೋಡಿಕೊಳ್ಳುತ್ತಿದ್ದ. ಏನೂ ಇಲ್ಲ ಎಂದ. ಅಪ್ಪನಿಗೇ ಆಚೆ ಹೋಗುವಂತೆ ಮತ್ತೆ ಮತ್ತೆ ಅಪ್ಪಣೆ ಮಾಡಿದ. ಬಿಡಿಸಿ ನೋಡಿದರೆ ಒಳಗೆಲ್ಲ ಉಪ್ಪಿನಕಾಯಿ ರಸದ ಕಲೆ!

ನಮ್ಮ ಮನೆಯಲ್ಲಾಗಿದ್ದರೆ ಬೆನ್ನಿಗೆ ಎರಡು ಬೀಳುತ್ತಿತ್ತು ಅಲ್ವಾ? ಡಾರ್ವಿನ್ ಹೊಡೆಯಲಿಲ್ಲ. ಆ ಮಗುವಿಗೆ ಅಲ್ಲಿಯವರೆಗೆ ಯಾರೂ ಶಿಕ್ಷೆಯನ್ನೇ ಕೊಟ್ಟಿರಲಿಲ್ಲ. ಹಾಗಾದರೆ ಕಣ್ಣು ಮಿನುಗಿದ್ದು ಭಯದಿಂದ ಅಲ್ಲ, ಮತ್ತೆ ಯಾಕೆ ಎಂದು ಅವರು ಯೋಚಿಸಿದರು. ತಿಂದ ಖುಷಿ ಒಂದು ಕಡೆ, ತಪ್ಪು ಮಾಡಿದೆ ಎಂಬ ಅಳುಕು ಒಂದು ಕಡೆ, ಎರಡೂ ಮಗುವಿನ ಒಳಗೆ ಜಗಳ ಆಡುತ್ತಿವೆ ಎಂದು ಅರ್ಥ ಮಾಡಿಕೊಂಡರು. ಮಗುವಿನ ಒಳ್ಳೆಯ ಗುಣವನ್ನೇ ಮಾತಾಡಿಸಿ ತಿದ್ದಿದರು. ಸ್ವಲ್ಪ ದಿನದಲ್ಲೇ ಅವನು ನಿಜ ಹೇಳುವ, ಮೃದು ಮನಸ್ಸಿನ ಹುಡುಗನಾದ ಎಂದು ಬರೆದಿಟ್ಟಿದ್ದಾರೆ. ಈ ಟಿಪ್ಪಣಿಗಳು 37 ವರ್ಷ ಹಾಗೇ ಇದ್ದು, 1877ರಲ್ಲಿ ಮೈಂಡ್ ಎಂಬ ಪತ್ರಿಕೆಯಲ್ಲಿ ಲೇಖನವಾಗಿ ಬಂದವು. ಮಕ್ಕಳ ಮನಸ್ಸಿನ ಅಧ್ಯಯನದಲ್ಲಿ ಅದು ಮೊದಮೊದಲಿನ ಬರಹಗಳಲ್ಲಿ ಒಂದು.

ಇದಕ್ಕೂ ಮೊದಲು, 1838ರಲ್ಲಿ, ಲಂಡನ್ನಿನ ಮೃಗಾಲಯದಲ್ಲಿ ಜೆನ್ನಿ ಎಂಬ ಒರಾಂಗುಟಾನ್ ವಾನರವನ್ನು ಅವರು ನೋಡಿದ್ದರು. ಕಾವಲುಗಾರ ಸೇಬು ತೋರಿಸಿ ಕೊಡದೇ ಇದ್ದಾಗ ಅದು ನೆಲಕ್ಕೆ ಬಿದ್ದು ಕಾಲು ಝಾಡಿಸಿ ಅತ್ತಿತ್ತು, ಥೇಟ್ ಹಟಮಾರಿ ಮಗುವಿನ ಹಾಗೆ. ಅಳು ನಿಲ್ಲಿಸಿದರೆ ಕೊಡುತ್ತೇನೆ ಎಂದಾಗ ಸುಮ್ಮನಾಗಿತ್ತು. ಮನುಷ್ಯನ ಮಗುವಿಗೂ ವಾನರಕ್ಕೂ ನಡುವೆ ಗೋಡೆ ಇದೆಯೋ, ಬರೀ ಹೊಸ್ತಿಲು ಇದೆಯೋ ಎಂಬ ಪ್ರಶ್ನೆ ಅವರ ತಲೆಯಲ್ಲಿ ಕೊರೆಯುತ್ತಿತ್ತು. ಮಗನ ನಗು, ಅಳು, ಸಿಟ್ಟು ನೋಡುತ್ತಾ ಕೂತದ್ದು ಅದಕ್ಕೇ. 1872ರಲ್ಲಿ ಭಾವನೆಗಳ ಬಗ್ಗೆ ಅವರು ಬರೆದ ದೊಡ್ಡ ಪುಸ್ತಕಕ್ಕೆ ಇದೆಲ್ಲ ಉಪಯೋಗಕ್ಕೆ ಬಂತು.

ಡೌನ್ ಹೌಸ್ ಎಂಬ ಹಳ್ಳಿ ಮನೆ

1842ರ ಸೆಪ್ಟೆಂಬರ್‌ನಲ್ಲಿ ಸಂಸಾರ ಲಂಡನ್ ಬಿಟ್ಟು ಸುಮಾರು 25 ಕಿಲೋಮೀಟರ್ ದೂರದ ಡೌನ್ ಎಂಬ ಚಿಕ್ಕ ಹಳ್ಳಿಗೆ ಬಂತು. ಮನೆಯ ಹೆಸರು ಡೌನ್ ಹೌಸ್. ಡಾರ್ವಿನ್ ತೀರಿಕೊಳ್ಳುವವರೆಗೆ 40 ವರ್ಷ ಅಲ್ಲೇ ಇದ್ದರು. ಬಂದ ಹೊಸದರಲ್ಲೇ ಹುಟ್ಟಿದ ಮೇರಿ ಎಂಬ ಹೆಣ್ಣುಮಗು ಮೂರು ವಾರಕ್ಕೇ ಹೋಯಿತು. ಆಮೇಲೆ ಹೆನ್ರಿಯೆಟಾ, ಜಾರ್ಜ್, ಎಲಿಜಬೆತ್, ಫ್ರಾನ್ಸಿಸ್, ಲೆನಾರ್ಡ್, ಹೊರೇಸ್ ಸಾಲಾಗಿ ಹುಟ್ಟಿದರು. ಲಂಡನ್ನಿನಲ್ಲೇ ಹುಟ್ಟಿದ್ದ ವಿಲಿಯಂ ಮತ್ತು ಆ್ಯನಿ ಸೇರಿ ಮನೆ ತುಂಬಿತು.

ತಂದೆಯ ಆಸ್ತಿ ಇತ್ತು, ಮನೆಯಲ್ಲಿ ಆಳುಕಾಳು ಇದ್ದರು, ಹಾಗಾಗಿ ಡಾರ್ವಿನ್ ಅವರು ಸಂಬಳಕ್ಕೆ ದುಡಿಯಬೇಕಾಗಿರಲಿಲ್ಲ. ಆದರೆ ಆರೋಗ್ಯ ಮಾತ್ರ ಇರಲಿಲ್ಲ. ವಾಂತಿ, ಹೊಟ್ಟೆನೋವು, ಸುಸ್ತು ವರ್ಷಗಟ್ಟಲೆ ಕಾಡಿದವು. ದಿನಕ್ಕೆ ಕೆಲವೇ ಗಂಟೆ ಕೆಲಸ ಮಾಡುವಷ್ಟು ಶಕ್ತಿ. ಆ ಕೆಲವು ಗಂಟೆಯಲ್ಲೂ ಬಾಗಿಲು ಬಡಿಯುವವರು ಎಷ್ಟು ಜನ! ಒಬ್ಬನಿಗೆ ದಾರ ಬೇಕು, ಒಬ್ಬಳಿಗೆ ಕತ್ತರಿ, ಒಬ್ಬನಿಗೆ ಸುತ್ತಿಗೆ, ಗಾಯಕ್ಕೆ ಅಂಟಿಸುವ ಪಟ್ಟಿ, ಅಳತೆ ಕೋಲು. ಎಲ್ಲಾ ಅಪ್ಪನ ಓದುವ ಕೋಣೆಯಲ್ಲೇ ಇರೋದು. ಕೊನೆಗೆ ಅಪ್ಪ ಬೇಸರದ ಮುಖ ಮಾಡಿ, ಇವತ್ತು ಬಹಳ ಸಲ ಬಂದಿರಿ, ಇನ್ನು ಸಾಕು ಎಂಬರ್ಥದಲ್ಲಿ ಮೆಲ್ಲಗೆ ಬೇಡಿಕೊಳ್ಳುತ್ತಿದ್ದರಂತೆ. ನಾಲ್ಕು ವರ್ಷದ ಒಬ್ಬ ಮಗ ಇನ್ನೂ ಮುಂದೆ ಹೋದ. ಕೆಲಸದ ಹೊತ್ತಿನಲ್ಲಿ ಆಟಕ್ಕೆ ಬಂದರೆ ಆರು ಪೆನ್ನಿ ಕೊಡುತ್ತೇನೆ ಅಂತ ಅಪ್ಪನಿಗೇ ಲಂಚದ ಆಸೆ ತೋರಿಸಿದ!

ಸೋಫಾ ಮೇಲೆ ಕುಣಿಯಬಾರದು ಎಂಬುದು ಆ ಮನೆಯ ಕಾನೂನು, ಒಳಗಿನ ಸ್ಪ್ರಿಂಗ್ ಹಾಳಾಗುತ್ತದೆ ಎಂದು. ಒಂದು ದಿನ ಪುಟ್ಟ ಲೆನಾರ್ಡ್ ಅದರ ಮೇಲೆ ಕುಣಿಯುತ್ತಿದ್ದ. ಅಪ್ಪ ಒಳಗೆ ಬಂದವರು, ಇಂಥದ್ದು ತಮ್ಮ ಕಣ್ಣಿಗೆ ಬೀಳಬಾರದು ಎಂದು ತಿಳಿಸಿದರು. ಹಾಗಿದ್ದರೆ ನೀವು ಆಚೆ ಹೋಗುವುದೇ ಒಳ್ಳೆಯದು ಎಂದು ಲೆನಾರ್ಡ್ ಸಲಹೆ ಕೊಟ್ಟ. ಈ ಕಥೆಯನ್ನು ಆ ಮನೆಯವರು ಎಷ್ಟೋ ವರ್ಷ ಹೇಳಿಕೊಂಡು ನಕ್ಕರು.

ಮೆಟ್ಟಿಲ ಮೇಲಿಂದ ಜಾರಲು ಒಂದು ಮರದ ಜಾರುಹಲಗೆ ಮಾಡಿಸಿದ್ದರು. ಸೂಕ್ಷ್ಮದರ್ಶಕದ ಮುಂದೆ ಕೂರಲು ಚಕ್ರ ಇರುವ ಒಂದು ಸ್ಟೂಲು ಇತ್ತು. ಮಕ್ಕಳಿಗೆ ಅದು ದೋಣಿ. ಕೋಲು ಹಿಡಿದು ನೆಲಕ್ಕೆ ಮೀಟುತ್ತಾ ಪಡಸಾಲೆಯೆಲ್ಲ ಸುತ್ತುತ್ತಿದ್ದರು. ತಾಯಿ ಎಮ್ಮಾ ಪಿಯಾನೋ ಚೆನ್ನಾಗಿ ನುಡಿಸುತ್ತಿದ್ದರು. ಕುದುರೆ ಓಟದಂಥ ಒಂದು ಧಾಟಿ ನುಡಿಸಿದರೆ ಸಾಕು, ಮಕ್ಕಳೆಲ್ಲ ಕೋಣೆಯ ಸುತ್ತ ದಡಬಡ ಓಡುವುದು. ಮೇಜು ಕುರ್ಚಿ ಗೀರು ಬಿದ್ದರೆ ಎಮ್ಮಾ ಅವರಿಗೆ ಚಿಂತೆಯೇ ಇರಲಿಲ್ಲ. ಸಾಮಾನಿಗಿಂತ ಮಕ್ಕಳು ಮುಖ್ಯ ಎಂಬುದು ಅವರ ಲೆಕ್ಕ. ಅಪ್ಪ ನಮ್ಮ ಮೇಲೆ ಸಿಟ್ಟಿನ ಮಾತು ಆಡಿದ್ದು ನೆನಪಿಲ್ಲ ಎಂದು ಮಕ್ಕಳು ದೊಡ್ಡವರಾದ ಮೇಲೆ ಬರೆದಿದ್ದಾರೆ.

ರಾತ್ರಿ ಊಟವಾದ ಮೇಲೆ ಗಂಡ ಹೆಂಡತಿ ನಮ್ಮ ಪಗಡೆಯ ಹಾಗೆ ದಾಳ ಹಾಕಿ ಆಡುವ ಬ್ಯಾಕ್‌ಗ್ಯಾಮನ್ ಆಟಕ್ಕೆ ಕೂರುತ್ತಿದ್ದರು. ಡಾರ್ವಿನ್ ಅದಕ್ಕೂ ಲೆಕ್ಕ ಇಟ್ಟಿದ್ದರು. 1876ರ ಹೊತ್ತಿಗೆ ಎಮ್ಮಾ ಗೆದ್ದದ್ದು 2490 ಆಟ, ಅವರು ಗೆದ್ದದ್ದು 2795!

ದುಂಬಿ ಕಾಯುವ ಸೈನ್ಯ

ಸಮುದ್ರದ ಬಂಡೆಗೆ, ಹಡಗಿನ ತಳಕ್ಕೆ ಅಂಟಿಕೊಂಡು ಬದುಕುವ ಬಾರ್ನಕಲ್ ಎಂಬ ಚಿಪ್ಪಿನ ಜೀವಿ ಇದೆ. 1846ರಿಂದ 1854ರವರೆಗೆ ಎಂಟು ವರ್ಷ ಡಾರ್ವಿನ್ ಅದನ್ನೇ ಕೊಯ್ದು ನೋಡಿದರು. ಮಕ್ಕಳು ಹುಟ್ಟಿದಾಗಿನಿಂದ ಅಪ್ಪ ಅದನ್ನೇ ಮಾಡುವುದು ಕಂಡಿದ್ದರು. ಅದಕ್ಕೇ ಅವರಲ್ಲಿ ಒಬ್ಬ ಪಕ್ಕದ ಮನೆಯ ಸ್ನೇಹಿತರನ್ನು, ನಿಮ್ಮ ಅಪ್ಪ ಬಾರ್ನಕಲ್ ಕೆಲಸ ಯಾವ ಕೋಣೆಯಲ್ಲಿ ಮಾಡುತ್ತಾರೆ ಅಂತ ವಿಚಾರಿಸಿದ. ಎಲ್ಲಾ ಅಪ್ಪಂದಿರ ಕಸುಬೂ ಅದೇ ಅಂತ ಅವನು ತಿಳಿದಿದ್ದ.

1854ರ ಸೆಪ್ಟೆಂಬರ್‌ನಲ್ಲಿ ಮಗನೊಬ್ಬ, ದಪ್ಪ ದುಂಬಿಗಳು ಒಂದು ಮರದ ಬುಡದ ಪೊಟರೆಯಲ್ಲಿ ಹೊಕ್ಕು ಹೊರಡುವುದನ್ನು ಕಂಡು ಬಂದು ಹೇಳಿದ. ಬೇರೆ ಅಪ್ಪ ಆಗಿದ್ದರೆ ಹೋಗಿ ಓದಿಕೋ ಎನ್ನುತ್ತಿದ್ದರು. ಇವರು ಎದ್ದು ಜೊತೆಗೆ ಹೋದರು. ಗಂಡು ದುಂಬಿಗಳು ಒಂದೇ ದಾರಿಯಲ್ಲಿ ಹಾರುತ್ತವೆ, ಕೆಲವು ಗೊತ್ತಾದ ಜಾಗದಲ್ಲಿ ಒಂದು ಕ್ಷಣ ನಿಂತು ಝೇಂಕರಿಸಿ ಮುಂದೆ ಹೋಗುತ್ತವೆ ಎಂದು ಕಂಡಿತು. ಒಬ್ಬರೇ ಬೆನ್ನು ಹತ್ತಲು ಆಗುವುದಿಲ್ಲ. ಆಗ ಐದಾರು ಮಕ್ಕಳನ್ನು ಬೇಲಿಯ ಉದ್ದಕ್ಕೂ, ಕಾಲುವೆಯ ಒಳಗೂ ಒಬ್ಬೊಬ್ಬರನ್ನು ಒಂದೊಂದು ಜಾಗದಲ್ಲಿ ನಿಲ್ಲಿಸಿದರು. ದುಂಬಿ ಬಂದ ಕೂಡಲೇ ಅಲ್ಲಿದ್ದವರು ಕೂಗಬೇಕು, ಮುಂದಿನವರು ತಯಾರಾಗಬೇಕು. ಕಣ್ಣಾಮುಚ್ಚಾಲೆಯಂಥ ಆಟವೂ ಆಯಿತು, ವಿಜ್ಞಾನವೂ ಆಯಿತು. ಕೂಗುವ ಬಾಯಿ, ಓಡುವ ಕಾಲು ಮನೆ ತುಂಬಾ ಇದ್ದವು. ಅವರು ಅದನ್ನೇ ಕೆಲಸಕ್ಕೆ ಹಚ್ಚಿದರು.

ಆ್ಯನಿ

ಇಷ್ಟು ನಗುವಿನ ಮನೆಯಲ್ಲಿ ಅಳುವೂ ಇತ್ತು. ಹಿರಿಯ ಮಗಳು ಆ್ಯನಿ 1841ರ ಮಾರ್ಚ್ 2ರಂದು ಹುಟ್ಟಿದವಳು. ಅಪ್ಪನಿಗೆ ಅಚ್ಚುಮೆಚ್ಚು. ಅಪ್ಪನಿಗೆ ನಶ್ಯದ ಚಟ ಇತ್ತು. ಆ್ಯನಿ ಕದ್ದು ಒಂದು ಚಿಟಿಕೆ ನಶ್ಯ ತಂದು, ಮೆಟ್ಟಿಲು ಇಳಿದು ಓಡಿಬಂದು ಕೊಡುತ್ತಿದ್ದಳು. ಅಪ್ಪನ ಖುಷಿ ನೋಡಿ ಅವಳ ಮುಖ ಅರಳುತ್ತಿತ್ತು. ಅರ್ಧ ಗಂಟೆ ಕೂತು ಅವರ ತಲೆ ಬಾಚುವಳು, ಕೊರಳ ಪಟ್ಟಿ ಸರಿಮಾಡುವಳು. ತೋಟದಾಚೆ ಡಾರ್ವಿನ್ ದಿನಾ ಯೋಚಿಸುತ್ತಾ ಸುತ್ತುವ ಮರಳಿನ ದಾರಿ ಒಂದಿತ್ತು. ಅಲ್ಲಿ ಅಪ್ಪನ ಮುಂದೆ ಮುಂದೆ ಗಿರಗಿರ ತಿರುಗುತ್ತಾ ಹೋಗುವಳು.

1850ರಲ್ಲಿ ಅವಳಿಗೆ ಕಾಯಿಲೆ ಶುರುವಾಯಿತು. 1851ರಲ್ಲಿ ಮಾಲ್ವರ್ನ್ ಎಂಬ ಊರಿಗೆ ನೀರಿನ ಚಿಕಿತ್ಸೆಗೆ ಕರೆದುಕೊಂಡು ಹೋದರು. ಎಮ್ಮಾ ತುಂಬು ಬಸುರಿ, ಜೊತೆಗೆ ಹೋಗಲು ಆಗಲಿಲ್ಲ. ಡಾರ್ವಿನ್ ಮಗಳ ಹಾಸಿಗೆ ಪಕ್ಕ ಕೂತು ದಿನಾ ಹೆಂಡತಿಗೆ ಕಾಗದ ಬರೆದರು. ಇವತ್ತು ಒಂದು ಚಮಚ ಗಂಜಿ ಕುಡಿದಳು, ಇವತ್ತು ವಾಂತಿಯಾಯಿತು, ಇಂಥವೇ ಸುದ್ದಿ. 1851ರ ಏಪ್ರಿಲ್ 23ರಂದು ಆ್ಯನಿ ತೀರಿಕೊಂಡಳು. ವಯಸ್ಸು ಹತ್ತು, ನಮ್ಮ ಶಾಲೆಯ ಐದನೇ ತರಗತಿ ಮಕ್ಕಳಷ್ಟು. ಮೂರೇ ವಾರಕ್ಕೆ ಎಮ್ಮಾ ಹೊರೇಸನಿಗೆ ಜನ್ಮ ಕೊಟ್ಟರು. ಒಂದೇ ಮನೆಯಲ್ಲಿ ಸಾವಿನ ಅಳು ಆರುವ ಮೊದಲೇ ಬಾಣಂತಿತನ.

ಅವಳು ಹೋದ ಒಂದು ವಾರಕ್ಕೆ ಡಾರ್ವಿನ್ ಅವಳ ಬಗ್ಗೆ ಕೆಲವು ಪುಟ ಬರೆದಿಟ್ಟರು. ನಶ್ಯ ಕದ್ದು ತಂದದ್ದು, ತಲೆ ಬಾಚಿದ್ದು, ಗಿರಗಿರ ತಿರುಗಿದ್ದು ಎಲ್ಲಾ ನಮಗೆ ಗೊತ್ತಾಗಿರುವುದು ಆ ಪುಟಗಳಿಂದಲೇ. ಎಮ್ಮಾ ಅವಳ ಬರೆಯುವ ಸಾಮಾನಿನ ಪೆಟ್ಟಿಗೆಯನ್ನು ಸಾಯುವವರೆಗೆ ಜೋಪಾನ ಮಾಡಿದರು. ಆ ಪೆಟ್ಟಿಗೆ ಈಗಲೂ ಇದೆ.

1858ರ ಜೂನ್

ಕೊನೆಯ ಮಗು ಚಾರ್ಲ್ಸ್ ವೇರಿಂಗ್ 1856ರ ಡಿಸೆಂಬರ್‌ನಲ್ಲಿ ಹುಟ್ಟಿತು. ನಡಿಗೆ, ಮಾತು ನಿಧಾನ. ಅಪ್ಪನ ತೊಡೆಯ ಮೇಲೆ ಮಲಗಿ ಸುಮ್ಮನೆ ಮುಖ ನೋಡುತ್ತಾ ಇರುತ್ತಿತ್ತು.

1858ರ ಜೂನ್ 18ರಂದು ಅಂಚೆಯಲ್ಲಿ ಒಂದು ಕಾಗದ ಬಂತು. ದೂರದ ಮಲಯ ದ್ವೀಪಗಳಿಂದ ಆಲ್‌ಫ್ರೆಡ್ ವಾಲೆಸ್ ಎಂಬ ವಿಜ್ಞಾನಿ ಬರೆದದ್ದು. ನಿಸರ್ಗದ ಆಯ್ಕೆಯಿಂದ ಜೀವಿಗಳು ಬದಲಾಗುತ್ತಾ ಬರುತ್ತವೆ ಎಂದು ಡಾರ್ವಿನ್ 20 ವರ್ಷದಿಂದ ಕೂಡಿಡುತ್ತಿದ್ದ ವಿಚಾರವೇ ಅದರಲ್ಲಿತ್ತು! ಜೀವಮಾನದ ಕೆಲಸ ಬೇರೆಯವರ ಹೆಸರಿಗೆ ಹೋಗುವ ಹೊತ್ತು. ಅದೇ ವಾರ ಮನೆಯಲ್ಲಿ ಹೆನ್ರಿಯೆಟಾಗೆ ಗಂಟಲುಮಾರಿ. ಪುಟ್ಟ ಮಗುವಿಗೆ ಸ್ಕಾರ್ಲೆಟ್ ಜ್ವರ. ಊರಿನಲ್ಲಿ ಆಗಲೇ ಮೂರು ಮಕ್ಕಳು ಆ ಜ್ವರಕ್ಕೆ ಹೋಗಿದ್ದರು. ಪೆನ್ಸಿಲಿನ್ ಇಲ್ಲದ ಕಾಲ. ಜೂನ್ 28ರಂದು ಮಗು ಕಣ್ಣು ಮುಚ್ಚಿತು. ಒಂದೂವರೆ ವರ್ಷ ಅಷ್ಟೇ.

ಸ್ನೇಹಿತರಾದ ಲಯಲ್ ಮತ್ತು ಹೂಕರ್ ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹವನ್ನೂ ಒಟ್ಟಿಗೆ ಓದಿಸಿದರು. ವಿಜ್ಞಾನದ ಇತಿಹಾಸದಲ್ಲಿ ಅಷ್ಟು ದೊಡ್ಡ ದಿನ. ಆದರೆ ಡಾರ್ವಿನ್ ಆ ಸಭೆಯಲ್ಲಿ ಇರಲಿಲ್ಲ. ಅವರು ಮಗುವಿನ ಮಣ್ಣು ಮಾಡುವ ದುಃಖದಲ್ಲಿದ್ದರು.

ಬದನೆಕಾಯಿ ಸವಾರ

ಇದಾದ ಮೇಲೆ ಒಂದೇ ಸಮನೆ ಬರೆದು ಮುಗಿಸಿದ ಪುಸ್ತಕವೇ ಜೀವಜಾತಿಗಳ ಉಗಮ. 1859ರ ನವೆಂಬರ್ 24ರಂದು ಪ್ರಕಟವಾಯಿತು. ಮೊದಲು ಅಚ್ಚಾದದ್ದು 1250 ಪ್ರತಿ. ಅಚ್ಚಾದ ಮೇಲೆ ಕೈಬರಹದ ಹಾಳೆಗಳಿಗೆ ಬೆಲೆ ಏನು? ಮಕ್ಕಳಿಗೆ ಚಿತ್ರ ಬರೆಯಲು ಕೊಟ್ಟರು. ಒಂದರ ಹಿಂದೆ ಒಬ್ಬ ತುಂಟ ಹಣ್ಣು ತರಕಾರಿಗಳ ಯುದ್ಧದ ಚಿತ್ರ ಬರೆದಿದ್ದಾನೆ. ಬದನೆಕಾಯಿ ಮೇಲೆ ಒಬ್ಬ ಸೈನಿಕ, ಕ್ಯಾರೆಟ್ ಮೇಲೆ ಒಬ್ಬ ಸೈನಿಕ ಕುದುರೆ ಸವಾರರ ಹಾಗೆ ಕಾದಾಡುತ್ತಿದ್ದಾರೆ. ಬರೆದವನು ಫ್ರಾನ್ಸಿಸ್ ಇರಬೇಕು ಎಂದು ಬಲ್ಲವರು ಹೇಳುತ್ತಾರೆ. ಆ ಮಹಾಗ್ರಂಥದ ಸುಮಾರು 600 ಹಾಳೆಗಳಲ್ಲಿ ಉಳಿದಿರುವುದು 45ರಷ್ಟು. ಅವುಗಳಲ್ಲಿ ಕೆಲವು ಉಳಿದದ್ದೇ ಹಿಂದೆ ಮಕ್ಕಳ ಚಿತ್ರ ಇದ್ದುದರಿಂದ! ಅಪ್ಪನ ಬರಹ ಎಂದು ಯಾರೂ ಎತ್ತಿಡಲಿಲ್ಲ, ಮಗ ಬರೆದ ಬದನೆಕಾಯಿ ಎಂದು ಎತ್ತಿಟ್ಟರು. ಈಗ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅದನ್ನು ಕಾಪಾಡಿದ್ದಾರೆ.

ಒಬ್ಬ ತಂದೆಯ ಚಿಂತೆ

ಹತ್ತರಲ್ಲಿ ಮೂರು ಮಕ್ಕಳು ಹೋದರು. ಉಳಿದವರಲ್ಲೂ ಕೆಲವರು ಆಗಾಗ ಕಾಯಿಲೆ ಬೀಳುತ್ತಿದ್ದರು. ತಾನು ಸೋದರಮಾವನ ಮಗಳನ್ನು ಮದುವೆಯಾದದ್ದೇ ಇದಕ್ಕೆ ಕಾರಣವೋ ಎಂಬ ಹುಳು ಡಾರ್ವಿನ್ ಅವರ ಮನಸ್ಸನ್ನು ಕೊರೆಯಿತು. ಅವರು ಅದನ್ನೂ ಬರೀ ಕೊರಗಾಗಿ ಬಿಡಲಿಲ್ಲ, ಪ್ರಶ್ನೆಯಾಗಿ ಮಾಡಿದರು. ಒಂದೇ ಗಿಡದ ಪರಾಗದಿಂದ ಹುಟ್ಟಿದ ಸಸಿ, ಬೇರೆ ಗಿಡದ ಪರಾಗದಿಂದ ಹುಟ್ಟಿದ ಸಸಿ ಎರಡನ್ನೂ ಬೆಳೆಸಿ ವರ್ಷಗಟ್ಟಲೆ ಅಳೆದು, 1876ರಲ್ಲಿ ಪುಸ್ತಕ ಬರೆದರು. 1871ರ ಜನಗಣತಿಯಲ್ಲಿ ಸೋದರಿಕೆಯ ಮದುವೆಯ ಬಗ್ಗೆ ಒಂದು ಪ್ರಶ್ನೆ ಸೇರಿಸಲು ಪ್ರಯತ್ನಪಟ್ಟರು. ಪಾರ್ಲಿಮೆಂಟು ಒಪ್ಪಲಿಲ್ಲ. ಆಗ ಮಗ ಜಾರ್ಜ್ ತಾನೇ ಲೆಕ್ಕ ಕಲೆಹಾಕಿ 1875ರಲ್ಲಿ ಪ್ರಕಟಿಸಿದ. ಜನ ಹೆದರುವಷ್ಟು ಕೆಟ್ಟದ್ದು ಕಾಣುವುದಿಲ್ಲ ಎಂದು ಅದರಲ್ಲಿ ಬಂತು. ಹತ್ತಿರದ ರಕ್ತಸಂಬಂಧದ ಮದುವೆಯಲ್ಲಿ ಕೆಲವು ವಂಶಪಾರಂಪರ್ಯ ಕಾಯಿಲೆಗಳ ಸಂಭವ ಹೆಚ್ಚು ಎಂದು ಈಗಿನ ವೈದ್ಯರು ಹೇಳುತ್ತಾರೆ. ನಮ್ಮ ಊರುಗಳಲ್ಲೂ ಇಂಥ ಮದುವೆ ಇರುವುದರಿಂದ ಈ ಮಾತು ನಮಗೂ ಬೇಕಾದದ್ದೇ.

ಮಕ್ಕಳು ಕಾಯಿಲೆ ಬಿದ್ದಾಗ ಡಾರ್ವಿನ್ ಎಲ್ಲಾ ಬಿಟ್ಟು ಪಕ್ಕದಲ್ಲಿ ಕೂರುತ್ತಿದ್ದರು. 1862ರಲ್ಲಿ ಲೆನಾರ್ಡ್‌ಗೆ ಸ್ಕಾರ್ಲೆಟ್ ಜ್ವರ ಬಂತು. ಅವನಿಗೆ ಅಂಚೆಚೀಟಿ ಕೂಡಿಡುವ ಹುಚ್ಚು. ಅಪ್ಪ ಅಮೆರಿಕದ ದೊಡ್ಡ ಸಸ್ಯವಿಜ್ಞಾನಿ ಏಸಾ ಗ್ರೇ ಅವರಿಗೆ ಕಾಗದ ಬರೆದು ಮಗನಿಗೆ ಅಂಚೆಚೀಟಿ ತರಿಸಿಕೊಟ್ಟರು. ಸೋಫಾ ಮೇಲೆ ಕುಣಿದ ಆ ಹುಡುಗ ಉಳಿದ. 93 ವರ್ಷ ಬದುಕಿ 1943ರಲ್ಲಿ ತೀರಿಕೊಂಡ.

ಮತ್ತೆ ಮಗು, ಜೊತೆಗೆ ಎರೆಹುಳು

1876ರಲ್ಲಿ ಫ್ರಾನ್ಸಿಸ್‌ನ ಹೆಂಡತಿ ಏಮಿ ಗಂಡುಮಗು ಹೆತ್ತು ನಾಲ್ಕೇ ದಿನಕ್ಕೆ ತೀರಿಕೊಂಡರು. ಫ್ರಾನ್ಸಿಸ್ ಕೂಸನ್ನು ಎತ್ತಿಕೊಂಡು ತಂದೆಯ ಮನೆಗೆ ಬಂದ. 67 ವರ್ಷದ ಡಾರ್ವಿನ್, 68ರ ಎಮ್ಮಾ ಮತ್ತೆ ತೊಟ್ಟಿಲು ತೂಗಿದರು. ಆ ಮೊಮ್ಮಗ ಬರ್ನಾರ್ಡ್ ಮುಂದೆ ಗಾಲ್ಫ್ ಆಟದ ಬಗ್ಗೆ ಬರೆದು ಹೆಸರಾದ.

ಆ ಮುದಿ ವಯಸ್ಸಿನಲ್ಲಿ ಡಾರ್ವಿನ್ ಹಿಡಿದ ಕೆಲಸ ಎರೆಹುಳು. ಮಣ್ಣಿನ ಕುಂಡದಲ್ಲಿ ಹುಳು ಸಾಕಿ ಮನೆಯೊಳಗೇ ಇಟ್ಟುಕೊಂಡರು. ಅವಕ್ಕೆ ಕಿವಿ ಕೇಳುತ್ತದೋ ಎಂದು ಮನೆಮಂದಿಯೆಲ್ಲ ಪರೀಕ್ಷೆಗೆ ನಿಂತರು. ಸೀಟಿ ಊದಿದರು, ಬಸೂನ್ ಎಂಬ ವಾದ್ಯ ಊದಿದರು, ಪಿಯಾನೋ ಜೋರಾಗಿ ಬಾರಿಸಿದರು. ಹುಳು ಜಗ್ಗಲಿಲ್ಲ. ಕುಂಡವನ್ನು ಪಿಯಾನೋ ಮೇಲೆಯೇ ಇಟ್ಟು ಒಂದು ಮನೆ ಒತ್ತಿದಾಗ ಮಾತ್ರ ಸರಕ್ಕನೆ ಬಿಲಕ್ಕೆ ಇಳಿದವು. ಅಂದರೆ ಸದ್ದು ಕೇಳುವುದಿಲ್ಲ, ಅದುರು ತಿಳಿಯುತ್ತದೆ. ಇಂಗ್ಲೆಂಡಿನ ಎಷ್ಟೋ ಕಡೆ ಎಕರೆಗೆ ವರ್ಷಕ್ಕೆ 10 ಟನ್ನಿಗಿಂತ ಹೆಚ್ಚು ಮಣ್ಣು ಎರೆಹುಳುವಿನ ಹೊಟ್ಟೆ ಹಾದು ಬರುತ್ತದೆ ಎಂದು ಲೆಕ್ಕ ಹಾಕಿದರು. 1881ರಲ್ಲಿ ಬಂದ ಈ ಪುಸ್ತಕವೇ ಅವರ ಕೊನೆಯ ಪುಸ್ತಕ. ರೈತನ ಮಿತ್ರ ಎಂದು ನಾವು ಓದುವ ಪಾಠದ ಹಿಂದೆ ಈ ಮನೆಯ ಪಿಯಾನೋ ಕೂಡ ಇದೆ.

1882ರ ಏಪ್ರಿಲ್ 19ರಂದು ಡಾರ್ವಿನ್ ತೀರಿಕೊಂಡರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡಿದರು. ಎಮ್ಮಾ 1896ರವರೆಗೆ ಬದುಕಿದ್ದರು. ಸಕ್ಕರೆ ಕದ್ದ ವಿಲಿಯಂ ಬ್ಯಾಂಕು ನಡೆಸಿದ. ಜಾರ್ಜ್ ಖಗೋಳ ವಿಜ್ಞಾನಿ, ಫ್ರಾನ್ಸಿಸ್ ಸಸ್ಯ ವಿಜ್ಞಾನಿ, ಹೊರೇಸ್ ವಿಜ್ಞಾನದ ಉಪಕರಣ ಮಾಡುವ ಇಂಜಿನಿಯರ್ ಆದರು. ಲೆನಾರ್ಡ್ ಸೈನ್ಯದಲ್ಲಿ ಮೇಜರ್ ಆಗಿ, ಆಮೇಲೆ ರಾಯಲ್ ಜಿಯೊಗ್ರಾಫಿಕಲ್ ಸೊಸೈಟಿಯ ಅಧ್ಯಕ್ಷನಾದ. ಹೆನ್ರಿಯೆಟಾ ತಂದೆಯ ಬರಹ ತಿದ್ದಿಕೊಟ್ಟಳು, ತಾಯಿಯ ಕಾಗದಗಳನ್ನು ಪುಸ್ತಕ ಮಾಡಿದಳು. ಡೌನ್ ಹೌಸ್ ಈಗ ವಸ್ತುಸಂಗ್ರಹಾಲಯ.

ನಮಗೇನು ಪಾಠ?

ಸ್ನೇಹಿತರೇ, ದೊಡ್ಡವರ ಜೀವನ ಓದಿದಾಗ ಅವರು ಬೀದಿ ದೀಪದಲ್ಲಿ ಓದಿದರು, ಏಕಾಂತದಲ್ಲಿ ತಪಸ್ಸು ಮಾಡಿದರು ಎಂದೇ ಕೇಳಿರುತ್ತೇವೆ. ಡಾರ್ವಿನ್ ಅವರಿಗೆ ಹಣ ಇತ್ತು, ಆದರೆ ಏಕಾಂತ ಇರಲಿಲ್ಲ. ಅವರು ಗದ್ದಲವನ್ನು ಶತ್ರು ಎನ್ನಲಿಲ್ಲ. ಮಗು ಸಕ್ಕರೆ ಕದ್ದರೂ, ದುಂಬಿ ಬೇಲಿ ಸುತ್ತಿದರೂ, ಹುಳು ಬಿಲಕ್ಕೆ ಇಳಿದರೂ ಒಂದೇ ಪ್ರಶ್ನೆ ಕೇಳಿದರು, ಇದು ಹೀಗೆ ಯಾಕೆ ಮಾಡುತ್ತದೆ ಎಂದು. ಸಿಟ್ಟು ಬರುವ ಜಾಗದಲ್ಲಿ ಅವರಿಗೆ ಕುತೂಹಲ ಬರುತ್ತಿತ್ತು.

ನಮ್ಮೆಲ್ಲರ ಮನೆಯಲ್ಲೂ ತುಂಟ ತಮ್ಮಂದಿರು, ತಂಗಿಯರು ಇದ್ದಾರೆ. ನಮ್ಮ ಪುಸ್ತಕದಲ್ಲಿ ಗೀಚುತ್ತಾರೆ, ಪೆನ್ನು ಮುರಿಯುತ್ತಾರೆ, ಬೆಲ್ಲದ ಡಬ್ಬಿಗೆ ಕೈ ಹಾಕುತ್ತಾರೆ. ಮುಂದಿನ ಸಲ ಹಾಗೆ ಮಾಡಿದಾಗ ಗುದ್ದುವ ಮೊದಲು ಒಂದು ನಿಮಿಷ ಅವರ ಕಣ್ಣು ನೋಡಿ. ಕಂಡದ್ದನ್ನು ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ತಾರೀಖು ಹಾಕಿ ಬರೆಯಿರಿ. ಅದಕ್ಕೆ ಖರ್ಚಿಲ್ಲ, ಸೂಕ್ಷ್ಮದರ್ಶಕವೂ ಬೇಡ. ಗುರುಗಳಲ್ಲಿಯೂ ಒಂದು ಸಣ್ಣ ವಿನಂತಿ. ನಮ್ಮ ನೋಟ್‌ಬುಕ್ಕಿನ ಹಿಂದೆ ಬದನೆಕಾಯಿ ಸವಾರ ಕಂಡರೆ, ದಯವಿಟ್ಟು ಹಾಳೆಯನ್ನು ಹರಿಯಬೇಡಿ.